ಮಂಡಿ ನೋವನ್ನು ಸುಮ್ನೆ ತಿಕ್ಕಿಸಬೇಡಿ

ಸಂಪಾದಕರೇ,

ನಮ್ಮಕ್ಕನ ಮಗನಿಗೆ 14 ವರ್ಷ. ಕಬಡ್ಡಿ ಆಡುವ ಹುಡುಗ. ಮಂಡಿ ಮೇಲ್ಗಡೆ ನೋವು ಅಂದಾಗ 'ಬೆಳೆಯೋ ವಯಸ್ಸು, ಬಿಡು' ಅಂದೆವು. ಆಮೇಲೆ ಊರ ಪಕ್ಕದಲ್ಲಿ ಮೂಳೆಗೆ ಕಟ್ಟು ಹಾಕುವವರ ಬಳಿ ಎರಡು ತಿಂಗಳು ಎಣ್ಣೆ ತಿಕ್ಕಿಸಿದೆವು. ಊತ ಜಾಸ್ತಿಯೇ ಆಯಿತು. ಕೊನೆಗೆ ಮಂಡ್ಯದಲ್ಲಿ ಒಂದು ಎಕ್ಸ್‌ರೇ ತೆಗೆಸಿದಾಗ ಅನುಮಾನ ಬಂತು. ಬೆಂಗಳೂರಿನಲ್ಲಿ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷೆ) ಮಾಡಿ ಮೂಳೆ ಕ್ಯಾನ್ಸರ್ ಅಂದರು.

ಆಸ್ಟಿಯೋಸಾರ್ಕೋಮಾ ಎಂಬ ಈ ಕಾಯಿಲೆ ಅಪರೂಪದ್ದು, ನಿಜ. ಆದರೆ ಬಂದರೆ ಹೆಚ್ಚಾಗಿ ಹದಿಹರೆಯದಲ್ಲಿ, ಮಂಡಿಯ ಆಸುಪಾಸಿನಲ್ಲೇ ಬರುತ್ತದೆ. ಬಿದ್ದ ಏಟಿನಿಂದ ಬರುವುದಲ್ಲ. (ಅಕ್ಕ ಮಾತ್ರ ಇವತ್ತಿಗೂ ಕಬಡ್ಡಿಯನ್ನೇ ಬೈಯುತ್ತಾಳೆ.) ಬೆಳವಣಿಗೆಯ ನೋವು ಸಾಮಾನ್ಯವಾಗಿ ಎರಡೂ ಕಾಲಲ್ಲಿ ಇರುತ್ತದೆ, ಬೆಳಗಾಗುವಷ್ಟರಲ್ಲಿ ಹೋಗುತ್ತದೆ. ಒಂದೇ ಜಾಗದಲ್ಲಿ ವಾರಗಟ್ಟಲೆ ನೋವು, ಊತ, ಕುಂಟು ಇದ್ದರೆ ಎಕ್ಸ್‌ರೇ ಬೇಕೇ ಬೇಕು.

ಶ್ವಾಸಕೋಶಕ್ಕೆ ಹರಡಿದೆಯಾ ಎಂದು ಸ್ಕ್ಯಾನ್ ಮಾಡಿದರು. ಮೊದಲು ಕೀಮೋ (ಕ್ಯಾನ್ಸರ್ ಕೊಲ್ಲುವ ಔಷಧಿ), ನಂತರ ಆಪರೇಷನ್, ಮತ್ತೆ ಕೀಮೋ. ಕಾಲೇ ಹೋಯಿತು ಅಂತ ನಾವು ಅತ್ತಿದ್ದೆವು. ಈಗ ಬಹಳಷ್ಟು ಮಕ್ಕಳಿಗೆ ಗಡ್ಡೆಯಿರುವ ಮೂಳೆಯನ್ನಷ್ಟೇ ತೆಗೆದು ಲೋಹದ ಕೀಲು ಕೂರಿಸಿ ಕಾಲು ಉಳಿಸುತ್ತಾರೆ. ಆದರೆ ತಡವಾದಷ್ಟೂ ಆ ದಾರಿ ಕಿರಿದಾಗುತ್ತದೆ. ನಮ್ಮ ಆ ಎರಡು ತಿಂಗಳು ಈಗಲೂ ಚುಚ್ಚುತ್ತದೆ.

ಆರೋಗ್ಯ ಇಲಾಖೆಯವರು ಜಿಲ್ಲೆಯ ಹೈಸ್ಕೂಲುಗಳ ಪಿ.ಟಿ. ಮೇಷ್ಟ್ರುಗಳಿಗೆ ಇಷ್ಟನ್ನಾದರೂ ತಿಳಿಸಲಿ. ಹುಡುಗ ಕುಂಟುವುದನ್ನು ಮೊದಲು ನೋಡುವವರು ಅವರೇ ಅಲ್ವಾ?

– ಒಬ್ಬ ಓದುಗ, ಮಂಡ್ಯ