ಮಣ್ಣಿನ ಜರಿಗೂ ದಾಖಲೆಯಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಮ್ಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಮರ, ಔಷಧಿ ಗಿಡ, ಹಕ್ಕಿ, ಹೊಳೆಮೀನು, ನಾಟಿ ಭತ್ತ ಎಲ್ಲಕ್ಕೂ ಪುಟಗಳಿವೆ. ಮಣ್ಣಿನೊಳಗಿನ ಜೀವಿಗಳೆಂದರೆ ಎರೆಹುಳು ಒಂದೇ. ನೆಲದೊಳಗೆ ಬದುಕುವ ಸಪೂರ ಶತಪದಿಯಾದ ಮಣ್ಣಿನ ಜರಿಯನ್ನೂ ಸೇರಿಸಿ ಎಂದು ಸಭೆಯಲ್ಲಿ ಕೇಳಿದ್ದಕ್ಕೆ, ‘ಕಚ್ಚುವ ಹುಳಕ್ಕೇಕೆ ದಾಖಲೆ?’ ಎಂದರು. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಆರ್ಫ್ನೇಯಸ್ ಬ್ರೆವಿಲೇಬಿಯೇಟಸ್ ಎಂಬ ಮಣ್ಣಿನ ಜರಿಯನ್ನೇ ನೋಡಿ. 1845ರಲ್ಲಿ ಬ್ರಿಟನ್ನಿನ ಕೀಟಶಾಸ್ತ್ರಜ್ಞ ಜಾರ್ಜ್ ನ್ಯೂಪೋರ್ಟ್ ಹೆಸರಿಟ್ಟ ಇದು ಭಾರತವೂ ಸೇರಿ ಉಷ್ಣವಲಯದ ಹಲವು ನಾಡುಗಳ ಮಣ್ಣಿನಲ್ಲಿದೆ. ಸಪೂರ ಮೈ, ಕಣ್ಣೇ ಇಲ್ಲ. ಕತ್ತಲಲ್ಲಿ ಕೆಣಕಿದರೆ ಹೊಟ್ಟೆಯಡಿಯ ಗ್ರಂಥಿಗಳಿಂದ ಅಂಟುದ್ರವ ಒಸರುತ್ತದೆ, ಅದು ನೀಲಿ ಬೆರೆತ ಹಸಿರಾಗಿ ಹೊಳೆಯುತ್ತದೆ! ಮಿಂಚುಹುಳ ನೋಡಲು ದೂರದೂರಿಗೆ ಹೋಗುವವರಿಗೂ ನೆಲದೊಳಗಿನ ಈ ಬೆಳಕಿನ ಸುದ್ದಿ ತಿಳಿದಿಲ್ಲ.

ಮಣ್ಣಿನ ಜರಿಗಳ ಗುಂಪಿನಲ್ಲಿ ಕಾಲುಗಳು 27ರಿಂದ 191 ಜೋಡಿಯವರೆಗೆ ಇರುತ್ತವೆ. ಜೋಡಿಗಳ ಸಂಖ್ಯೆ ಯಾವಾಗಲೂ ಬೆಸ. ಹಾಗಾಗಿ ಶತಪದಿ ಎಂದು ಕರೆಸಿಕೊಂಡರೂ ಸರಿಯಾಗಿ ನೂರು ಕಾಲು ಇವುಗಳಿಗೆ ಇರುವುದಿಲ್ಲ. ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು ಕಾವಲು ಕಾಯುತ್ತದೆ, ಮರಿಗಳು ಹೊರಬಂದ ಮೇಲೂ ಕೆಲಕಾಲ ಬಿಟ್ಟು ಹೋಗುವುದಿಲ್ಲ. ಮನೆಯೊಳಗೆ ಬಂದು ಕಚ್ಚುವ ದೊಡ್ಡ ಜರಿಗಳೇ ಬೇರೆ. ಮಣ್ಣಿನ ಜರಿಗಳು ನೆಲದೊಳಗಿನ ಮರಿಹುಳುಗಳನ್ನೂ ಸಣ್ಣ ಎರೆಹುಳುಗಳನ್ನೂ ಬೇಟೆಯಾಡಿ ಬದುಕುವಂಥವು, ಮನುಷ್ಯನಿಗೆ ಅಪಾಯಕಾರಿಯಲ್ಲ.

ಇವುಗಳ ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳಲಾರದು. ಒಣಗಿದ ಮಣ್ಣಿನಲ್ಲಿ ಬಹಳ ಹೊತ್ತು ಉಳಿಯಲಾರವು. ನಾವೋ ತೋಟದ ದರಗನ್ನು ಗುಡಿಸಿ ಸುಡುತ್ತೇವೆ, ಕಳೆನಾಶಕ ಹೊಡೆದು ನೆಲವನ್ನು ಬೋಳು ಮಾಡುತ್ತೇವೆ. ನೆರಳೂ ತಂಪೂ ಹೋದ ಮೇಲೆ ಇವು ಎಲ್ಲಿರಬೇಕು? ಹುಲಿ, ಆನೆ ಕಡಿಮೆಯಾದರೆ ಗಣತಿಯಲ್ಲಾದರೂ ಗೊತ್ತಾಗುತ್ತದೆ. ಇವು ಇದ್ದವೆಂಬುದಕ್ಕೇ ಊರಿನಲ್ಲಿ ಬರಹವಿಲ್ಲ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕು. ಊರಿನ ಜೀವಿಗಳ ವಿವರವಿರುವ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಆ ಸಮಿತಿಯ ಹೊಣೆ. ಹತ್ತಿರದ ಕಾಲೇಜುಗಳ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು, ಈ ಮಳೆಗಾಲದಲ್ಲೇ ತೋಟ, ಬೆಟ್ಟ, ಗದ್ದೆಬದುಗಳ ಮಣ್ಣಿನ ಜೀವಿಗಳನ್ನು ಗುರುತಿಸಿ ಬರೆದಿಡುವಂತೆ ಸಮಿತಿಗಳಿಗೆ ಸರ್ಕಾರ ಸೂಚಿಸಬೇಕು. ತಮ್ಮ ಕೃಷಿ ಪುಟದಲ್ಲೂ ಇವುಗಳ ಚಿತ್ರ, ವಿವರ ಪ್ರಕಟವಾಗಲಿ ಎಂದು ಕೋರುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು