ಮಾಸ್ತರರ ಬೋರ್ಡಿಗೆ ಬಣ್ಣ ಹಚ್ಚಿದವರಿಗೆ

ತೀರಿಹೋದ ಇತಿಹಾಸದ ಮಾಸ್ತರರ ನೆನಪಿಗೆಂದು ಮಸ್ಕಿ ಕಡೆಯ ನಮ್ಮ ಶಾಲೆಯ ಗೋಡೆ ಬೋರ್ಡ್ ದುರಸ್ತಿ ಮಾಡಿ, ಹೆಸರು ಹೇಳದೆ ಹೋದ ಪೇಂಟರ್ ಅಣ್ಣಾರಿಗೆ ಹಳೆ ವಿದ್ಯಾರ್ಥಿಗಳ ಶರಣು.

ಹೊಳೆಯುವ ಆಯಿಲ್ ಪೇಂಟಿನ ಮೇಲೆ ಸೀಮೆಸುಣ್ಣ ಜಾರುತ್ತಿತ್ತು. ಕಿಟಕಿ ಬೆಳಕು ಬಿದ್ದರೆ ಹಿಂದಿನ ಸಾಲಿಗೆ ಅಕ್ಷರವೇ ಕಾಣದು. ಅದನ್ನು ಪೂರ್ತಿ ಕೆರೆದು ತೆಗೆದಿರಿ. ಬಿರುಕಿಗೆ ಸಿಮೆಂಟ್ ತುಂಬಿ, ಒಣಗುವ ತನಕ ಕಾದಿರಿ. ಹಸಿ ಗೋಡೆಗೆ ಬಳಿದರೆ ಬಣ್ಣ ಗುಳ್ಳೆ ಎದ್ದು ಸಿಪ್ಪೆ ಬಿಡುತ್ತದಲ್ಲ! ಆಮೇಲೆ 120 ನಂಬರಿನ ಸ್ಯಾಂಡ್ ಪೇಪರ್, ಒದ್ದೆ ಬಟ್ಟೆ, ಬ್ಲ್ಯಾಕ್‌ಬೋರ್ಡ್ ಪೇಂಟ್ ತೆಳ್ಳಗೆ ಎರಡು ಕೋಟ್: ಮೊದಲನೆಯದು ಅಡ್ಡ, ಎರಡನೆಯದು ಉದ್ದ. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ.

ಮೂರು ದಿನ ಬಿಟ್ಟು, ಸೀಮೆಸುಣ್ಣ ಅಡ್ಡ ಹಿಡಿದು ಬೋರ್ಡ್ ತುಂಬ ಉಜ್ಜಿ ಒರೆಸಿದಿರಿ ನೋಡಿ, ಅದೇ ದೊಡ್ಡ ಕೆಲಸ. ಬಹಳ ಮಂದಿ ಇದನ್ನೇ ಬಿಡುತ್ತಾರೆ. ಹಾಗೆ ಬಿಟ್ಟರೆ ಮೊದಲು ಬರೆದ ಅಕ್ಷರದ ನೆರಳು ಎಷ್ಟು ಒರೆಸಿದರೂ ಹೋಗುವುದಿಲ್ಲ.

ಈಗ ಅದರ ಮೇಲೆ ಮಾಸ್ತರರ ಮೆಚ್ಚಿನ ಪಾಠ: 1915ರಲ್ಲಿ ಸಿಕ್ಕ ಮಸ್ಕಿ ಶಾಸನ, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಇರುವಂಥದ್ದು. ಮಿಕ್ಕ ಅರ್ಧ ಡಬ್ಬಿ ಬಣ್ಣ, ಮುಚ್ಚಳ ಬಿಗಿದು, ಕಪಾಟಿನಲ್ಲಿದೆ.