ಕಪೋನ್ ಗೋಡೆಯ ಆ ಕಡೆಗೇ ಇರಲಿ

ಪ್ರಿಯ ಗೆಳತಿ,

ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಲ್ಕಟ್ರಾಜ್ ದ್ವೀಪದಲ್ಲಿ, ಜೈಲಿನ ಪಕ್ಕದಲ್ಲೇ ಬೆಳೆಯುವ ಕಾವಲುಗಾರನ ಮಗನ ಕಥೆ. ಇದನ್ನು ಕನ್ನಡದ ಮಕ್ಕಳಿಗೆ ಹೇಳಬೇಕು ಅಂತ ನಿಮಗೆ ಅನಿಸಿದ್ದೇ ನನಗೆ ತುಂಬಾ ಖುಷಿ. ಆದರೆ ಮೊದಲ ಅಧ್ಯಾಯದಲ್ಲೇ ಆ ಜೈಲಿನ ಕುಖ್ಯಾತ ಕೈದಿ, ಗ್ಯಾಂಗ್‌ಸ್ಟರ್ ಅಲ್ ಕಪೋನ್ ಬಂದುಬಿಟ್ಟಿದ್ದಾನೆ, ಅವನು ಬಂದ ಕೂಡಲೇ ನಿಮ್ಮ ಹುಡುಗ ಕಾಣೆಯಾಗಿದ್ದಾನೆ.

ಕಪೋನ್‌ನನ್ನು ಗೋಡೆಯ ಆ ಕಡೆಗೇ ಬಿಡಿ. 1934ರ ಆಗಸ್ಟ್‌ನಲ್ಲಿ ಬಂದ, 85ನೇ ನಂಬರಿನ ಕೈದಿಯಾದ. ಅಷ್ಟು ಸಾಕು. ಮಿಕ್ಕಿದ್ದನ್ನು ಮಕ್ಕಳೇ ಪಿಸುಮಾತಿನಲ್ಲಿ ಕಟ್ಟಿಕೊಳ್ಳಲಿ. ಅವನನ್ನು ಒಂದು ಸಲವೂ ನೋಡದೆ, ‘ನಾನು ನೋಡಿದೆ’ ಅಂತ ಶಾಲೆಯಲ್ಲಿ ಹೇಳಿಕೊಳ್ಳುವ ಹುಡುಗ ಎಷ್ಟು ನಿಜ, ಅಲ್ವಾ?

ನಿಮ್ಮ ಹುಡುಗನಿಗೆ ಜೈಲು ಅಂದರೆ ಅಪ್ಪನ ಕೆಲಸ. ಅದು ಆರ್ಥಿಕ ಕುಸಿತದ ಕಾಲ. ಸಂಬಳ ತಪ್ಪದೆ ಬರುವ ಕೆಲಸಕ್ಕಾಗಿ ಜನ ಎಲ್ಲಿಗಾದರೂ ಹೋಗುತ್ತಿದ್ದರು. ಅವನ ದಿನ ನಡೆಯುವುದು ದೋಣಿಯ ವೇಳಾಪಟ್ಟಿಯಂತೆ. ಶಾಲೆ ಇರುವುದು ನೀರಿನಾಚೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ದೋಣಿ ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಕುಡಿಯುವ ನೀರೂ ದೋಣಿಯಲ್ಲೇ ಬರಬೇಕು, ಆ ಬಂಡೆಯ ಮೇಲೆ ಸಿಹಿನೀರಿಲ್ಲ. ನಿಮ್ಮ ಹಸ್ತಪ್ರತಿಯಲ್ಲಿ ದೋಣಿಗೆ ಸಿಕ್ಕಿರುವುದು ಎರಡೇ ಸಾಲು.

ಅಲ್ಲಿನ ಮಕ್ಕಳು ಆಟಿಕೆ ಬಂದೂಕು ಇಟ್ಟುಕೊಳ್ಳುವಂತಿರಲಿಲ್ಲ. ನೀವು ಈ ನಿಯಮವನ್ನು ಅಪ್ಪನ ಬಾಯಲ್ಲಿ ಹೇಳಿಸಿದ್ದೀರಿ. ಸುಮ್ನೆ ಹೇಳಿಸಬೇಡಿ. ಹುಟ್ಟುಹಬ್ಬಕ್ಕೆ ದೂರದ ಮಾವನಿಂದ ಒಂದು ಪಾರ್ಸೆಲ್ ಬರಲಿ. ಹುಡುಗ ದಾರ ಬಿಚ್ಚಲಿ. ಅಮ್ಮ ಮಾತಾಡದೆ ಡಬ್ಬಿಯ ಮುಚ್ಚಳ ಹಾಕಿ ಎತ್ತಿಕೊಂಡು ಹೋಗಲಿ. ಓದುವ ಮಗುವಿಗೆ ಜೈಲು ಅಲ್ಲೇ ಅರ್ಥವಾಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಬಿಡುತ್ತಲೇ ಇಲ್ಲ. ಅಲ್ಲಿ ಬೆಳೆದವರು ದೊಡ್ಡವರಾದ ಮೇಲೆ ನೆನಪಿಸಿಕೊಂಡಿದ್ದಾರೆ: ತಮ್ಮ ಮನೆಗಳಿಗೆ ಬೀಗವನ್ನೇ ಹಾಕುತ್ತಿರಲಿಲ್ಲವಂತೆ. ಮೇಲೆ ಗುಡ್ಡದಲ್ಲಿ ಐದಡಿ ಅಗಲ, ಒಂಬತ್ತಡಿ ಉದ್ದದ ಕೋಣೆಗಳು. ದಿನಕ್ಕೆ ಎಷ್ಟೋ ಸಲ ತಲೆ ಎಣಿಕೆ. ಮೊದಲ ವರ್ಷಗಳಲ್ಲಿ ಕೈದಿಗಳು ಹೆಚ್ಚಿನ ಹೊತ್ತು ಮಾತಾಡುವಂತೆಯೇ ಇರಲಿಲ್ಲ. ಅಂಥ ಕಟ್ಟಡದಲ್ಲಿ ದಿನವೆಲ್ಲ ಇದ್ದು ಬಂದ ಅಪ್ಪ ಊಟಕ್ಕೆ ಕೂತಾಗ ಹೇಗಿರುತ್ತಾನೆ? ಮಕ್ಕಳ ಗಲಾಟೆ ಅವನಿಗೆ ಹಿತವೋ, ಹಿಂಸೆಯೋ? ನೀವು ಈ ಅಪ್ಪನ ಸಮವಸ್ತ್ರದ ಗುಂಡಿಗಳನ್ನೂ ಬಿಡದೆ ವರ್ಣಿಸಿದ್ದೀರಿ, ಅವನ ಸುಸ್ತನ್ನು ಮಾತ್ರ ಬರೆದಿಲ್ಲ. ನನಗೆ ಅವನ ಬಗ್ಗೆ ಇನ್ನೂ ಜಾಸ್ತಿ ಬೇಕು.

ಒಂದು ತಪ್ಪು ತಿದ್ದಿಕೊಳ್ಳಿ. 1935ರಲ್ಲಿ ನಿಮ್ಮ ಹುಡುಗ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಕಾರು ಎಣಿಸುತ್ತಾನೆ. ಸೇತುವೆ ತೆರೆದದ್ದು 1937ರ ಮೇ ತಿಂಗಳಲ್ಲಿ. ಆದರೆ ಬೇಸರ ಬೇಡ, ಈ ತಪ್ಪಿನಿಂದಲೇ ನಿಮಗೊಂದು ಒಳ್ಳೆಯ ಗಡಿಯಾರ ಸಿಗುತ್ತದೆ. 1935ರ ಬೇಸಿಗೆಯಲ್ಲಿ ಎರಡೂ ಗೋಪುರಗಳು ನಿಂತಿದ್ದವು, ನಡುವೆ ರಸ್ತೆ ಇರಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಕೇಬಲ್‌ಗಳು ಬಂದವು. ಹುಡುಗ ದಿನವೂ ದೋಣಿಯಿಂದ ಅದನ್ನೇ ನೋಡುತ್ತಿರಲಿ. ವರ್ಷ ಕಳೆಯಿತು ಅಂತ ನೀವು ಎಲ್ಲೂ ಹೇಳಬೇಕಾಗುವುದಿಲ್ಲ.

ಮೊದಲ ಅಧ್ಯಾಯವನ್ನು ಪಕ್ಕಕ್ಕಿಡಿ. ದೋಣಿಯಿಂದ ಶುರು ಮಾಡಿ. ಮಂಜು ಕವಿದ ಬೆಳಗ್ಗೆ, ಕೈಯಲ್ಲಿ ಪುಸ್ತಕದ ಚೀಲ, ಗೋಪುರಗಳು ಕಾಣುತ್ತಿಲ್ಲ. ಆ ಐದಾರು ಪುಟ ಬರೆದು ಕಳಿಸಿ, ಕಾಯುತ್ತಿರುತ್ತೇನೆ.

ನಿಮ್ಮ ಹಿರಿಯ ಗೆಳೆಯ